ಸಿಗಾರ್‌ಗೆ ಎಷ್ಟು ದಿನದ ವಿಶ್ರಾಂತಿ? ನೈರೋಬಿಯ ರಿವರ್‌ಸೈಡ್‌ನಿಂದ ಹುಣಸೂರಿನ ಬ್ಯಾರನ್‌ವರೆಗೆ

ಇವತ್ತಿನ ಪ್ರಶ್ನೆ ಬಂದಿರೋದು ನೈರೋಬಿಯಿಂದ. ನೈರೋಬಿ ನದಿಯ ಪಕ್ಕದಲ್ಲೇ ಸಾಗುವ ರಿವರ್‌ಸೈಡ್ ಡ್ರೈವ್ ಗೊತ್ತಿರಬಹುದು, ನೈರೋಬಿ ವಿಶ್ವವಿದ್ಯಾಲಯದ ಚಿರೋಮೊ ಕ್ಯಾಂಪಸ್ ಇರುವ ರಸ್ತೆ. ಅಲ್ಲಿ ವಾಸವಿರುವ ಕೇಳುಗರೊಬ್ಬರ ಅಳಿಯ ವಿದೇಶದಿಂದ ಒಂದು ಪೆಟ್ಟಿಗೆ ಸಿಗಾರ್ ತಂದುಕೊಟ್ಟಿದ್ದಾರೆ. ಕೊಡುವಾಗ ‘ತಕ್ಷಣ ಸೇದಬೇಡಿ, ಮೂರು ವಾರ ಮಲಗಿಸಿಡಿ’ ಅಂದರಂತೆ. ಕೇಳುಗರ ಪ್ರಶ್ನೆ ಇಷ್ಟೇ: ಇದರಲ್ಲಿ ವಿಜ್ಞಾನ ಇದೆಯಾ, ಇಲ್ಲಾ ಶೋಕಿಯಾ?

ವಿಜ್ಞಾನ ಇದೆ. ಶೋಕಿಯೂ ಇದೆ. ಎರಡನ್ನೂ ಬಿಡಿಸಿ ನೋಡೋಣ. ಸೇದಿ ಅಂತ ನಾವು ಯಾರಿಗೂ ಹೇಳ್ತಾ ಇಲ್ಲ, ಆ ಮಾತಿಗೆ ಆಮೇಲೆ ಬರ್ತೀವಿ.

ಮೊದಲು ಚಕ್ಕುಲಿ. ಮಳೆಗಾಲದ ಮಲೆನಾಡಿನಲ್ಲಿ ಡಬ್ಬಿಯ ಮುಚ್ಚಳ ಸಡಿಲ ಇದ್ದರೆ ಸಂಜೆಗೆ ಚಕ್ಕುಲಿ ಮೆತ್ತಗಾಗುತ್ತೆ. ಅದೇ ಚಕ್ಕುಲಿಯನ್ನು ಏಪ್ರಿಲ್‌ನ ರಾಯಚೂರಿನಲ್ಲಿ ತಟ್ಟೆಯ ಮೇಲಿಟ್ಟರೂ ಗರಿಗರಿ. ಒಣ ಪದಾರ್ಥ ಯಾವುದೇ ಇರಲಿ, ಸುತ್ತಲಿನ ಗಾಳಿಯ ತೇವಾಂಶದ ಜೊತೆ ರಾಜಿಯಾಗುವವರೆಗೂ ನೀರನ್ನು ಹೀರುತ್ತೆ ಅಥವಾ ಬಿಡುತ್ತೆ. ವಿಜ್ಞಾನಿಗಳು ಇದಕ್ಕೆ ಸಮತೋಲನ ತೇವಾಂಶ ಅಂತಾರೆ. ತಂಬಾಕಿನ ಎಲೆಯೂ ಹಾಗೆಯೇ. ಸುತ್ತಲಿನ ಸಾಪೇಕ್ಷ ತೇವಾಂಶ ಶೇ. 65ರಿಂದ 70 ಇದ್ದರೆ ಎಲೆಯೊಳಗಿನ ನೀರು ಅದರ ತೂಕದ ಸುಮಾರು ಶೇ. 12ರಿಂದ 14ಕ್ಕೆ ಬಂದು ನಿಲ್ಲುತ್ತೆ. ಅದಕ್ಕಿಂತ ಒಣಗಿದರೆ ಎಲೆ ಬೇಗ, ಹೆಚ್ಚು ಬಿಸಿಯಾಗಿ ಉರಿದು ಹೊಗೆ ಘಾಟು. ಒದ್ದೆಯಾದರೆ ಪದೇ ಪದೇ ಆರುತ್ತೆ, ಎಳೆದರೂ ಹೊಗೆ ಬರಲ್ಲ.

ಈಗ ಸಿಗಾರ್ ವಿಮಾನ ಹತ್ತಿತು ಅಂದುಕೊಳ್ಳಿ. ಹಾರುವ ವಿಮಾನದ ಕ್ಯಾಬಿನ್‌ನಲ್ಲಿ ತೇವಾಂಶ ಎಷ್ಟೋ ಸಲ ಶೇ. 20ಕ್ಕಿಂತ ಕಡಿಮೆ. ಪೊಟ್ಟಣ ಗಟ್ಟಿಯಾಗಿ ಮುಚ್ಚಿರದಿದ್ದರೆ ಹೊರಗಿನ ಎಲೆ ಕೆಲವೇ ಗಂಟೆಗಳಲ್ಲಿ ಒಣಗುತ್ತೆ. ಆದರೆ ಒಳಗಿನ ತಿರುಳಿಗೆ ಸುದ್ದಿಯೇ ತಲುಪಿರೋದಿಲ್ಲ! ಸಮಸ್ಯೆ ಇರೋದು ಇಲ್ಲಿ. ಸಿಗಾರ್ ಒಣಗಿದೆ ಅನ್ನೋದಕ್ಕಿಂತ ಅದು ಒಂದೇ ಸಮ ಇಲ್ಲ ಅನ್ನೋದೇ ದೊಡ್ಡ ತೊಂದರೆ. ಹೊರಗೆ ಒಂದು ಹದ, ಒಳಗೆ ಇನ್ನೊಂದು. ವಿಶ್ರಾಂತಿ ಅಂದರೆ ಈ ಎರಡೂ ಒಂದಾಗೋಕೆ ಕೊಡುವ ಸಮಯ, ಅಷ್ಟೇ.

ಸಮಯ ಎಷ್ಟು? ಇದಕ್ಕೆ ಭೌತಶಾಸ್ತ್ರದ ಒಂದು ಹಳೆಯ ಲೆಕ್ಕ ಇದೆ. ನೀರಿನ ಅಣುಗಳು ಎಲೆಯಿಂದ ಎಲೆಗೆ ದಿಕ್ಕುದೆಸೆ ಇಲ್ಲದೆ ಅಲೆಯುತ್ತಾ ಸಾಗುತ್ತವೆ. ಹಾಗೆ ಸಾಗುವಾಗ ದೂರ ಎರಡರಷ್ಟಾದರೆ ಬೇಕಾಗುವ ಸಮಯ ನಾಲ್ಕರಷ್ಟು. ಸಿಗಾರ್‌ನ ದಪ್ಪವನ್ನು ಇಂಚಿನ 64ನೇ ಭಾಗಗಳಲ್ಲಿ ಹೇಳುವ ರೂಢಿ, 50 ಅಂದರೆ ಸುಮಾರು 20 ಮಿಲಿಮೀಟರ್ ಅಡ್ಡಳತೆ. ಪೆನ್ಸಿಲ್‌ಗಿಂತ ತುಸು ದಪ್ಪ ಇರುವ 10 ಮಿಲಿಮೀಟರ್‌ನ ಸಣ್ಣ ಚುಟ್ಟ ಒಂದು ವಾರದಲ್ಲಿ ಸಮವಾದರೆ, ಅದೇ ಬಿಗಿತದ ಈ ದಪ್ಪ ಸಿಗಾರ್‌ಗೆ ನಾಲ್ಕು ವಾರ ಬೇಕು. ಎಲ್ಲ ಸಿಗಾರ್‌ಗೂ ‘ಎರಡು ವಾರ’ ಅಂತ ಒಂದೇ ನಿಯಮ ಹೇಳೋದು ಅದಕ್ಕೇ ಸರಿಹೋಗಲ್ಲ. ಪ್ರಯಾಣದ ಒಂದು ದಿನಕ್ಕೆ ವಿಶ್ರಾಂತಿಯ ಒಂದು ದಿನ ಅನ್ನೋ ಇನ್ನೊಂದು ನಿಯಮವೂ ಚಾಲ್ತಿಯಲ್ಲಿದೆ. ಅದು ಪ್ರಯಾಣವನ್ನು ಎಣಿಸುತ್ತೆ, ದಪ್ಪವನ್ನು ಮರೆಯುತ್ತೆ.

ಊಹೆಯೇ ಬೇಡ ಅನ್ನೋರಿಗೆ ತಕ್ಕಡಿ ಇದೆ. ಚಿನ್ನ ತೂಗುವಂಥ, ಗ್ರಾಂನ ನೂರನೇ ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. 12 ಗ್ರಾಂ ಸಿಗಾರ್‌ನ ನೀರು ಶೇ. 15ರಿಂದ 13ಕ್ಕೆ ಇಳಿದರೆ ತೂಕ ಹತ್ತಿರ ಹತ್ತಿರ ಕಾಲು ಗ್ರಾಂ ಕಡಿಮೆಯಾಗುತ್ತೆ, ತಕ್ಕಡಿಗೆ ಅದು ಸ್ಪಷ್ಟವಾಗಿ ಕಾಣುತ್ತೆ. ಒಂದೇ ಸಿಗಾರ್‌ಗೆ ಗುರುತು ಮಾಡಿ ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಬದಲಾಗೋದು ನಿಂತು ಒಂದು ವಾರವಾದರೆ ವಿಶ್ರಾಂತಿ ಮುಗಿದಿದೆ. ಯಾರ ಮಾತನ್ನೂ ನಂಬಬೇಕಾಗಿಲ್ಲ, ಅಳಿಯನದ್ದೂ ಸೇರಿ.

ಆದರೂ ಒಂದು ಅಂದಾಜು ಬೇಕಲ್ವಾ? ಒಳ್ಳೆ ಅಂಗಡಿಯಿಂದ, ಮುಚ್ಚಿದ ಪೊಟ್ಟಣದಲ್ಲಿ, ಕೈಚೀಲದಲ್ಲೇ ಬಂದಿದ್ದರೆ ಒಂದು ವಾರ ಸಾಕು. ಅಂಚೆಯಲ್ಲಿ ಎರಡು ಮೂರು ವಾರ ಅಲೆದು ಬಂದಿದ್ದರೆ ಎರಡರಿಂದ ನಾಲ್ಕು ವಾರ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದರೆ ಒಂದೆರಡು ತಿಂಗಳು, ಅದೂ ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಶೇ. 62ರ ತೇವಾಂಶ, ಆಮೇಲೆ 65, ಬೇಕಿದ್ದರೆ 69. ಒಮ್ಮೆಲೇ ಒದ್ದೆ ಗಾಳಿಗೆ ಇಟ್ಟರೆ ಕೆಲವು ಭಾಗ ಬೇಗ ಊದಿಕೊಂಡು ಹೊರಗಿನ ತೆಳು ಎಲೆ ಸೀಳಿಹೋಗುತ್ತೆ.

ಇನ್ನು ನೈರೋಬಿಯ ಹವೆ. ಊರು ಇರೋದು ಸುಮಾರು 1,700 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು ಕುದಿಯೋದೇ 94 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬೇಳೆ ಬೇಯೋಕೆ ಕುಕ್ಕರ್ ಇಲ್ಲದಿದ್ದರೆ ಎಷ್ಟು ಕಷ್ಟ ಅಂತ ಅಲ್ಲಿರೋರಿಗೆ ಗೊತ್ತು. ಹಾಗಾದರೆ ಸಿಗಾರ್‌ಗೂ ಎತ್ತರದ ಲೆಕ್ಕ ಹಾಕಬೇಕಾ? ಬೇಡ. ಎಲೆ ಎಷ್ಟು ನೀರು ಹಿಡಿಯುತ್ತೆ ಅನ್ನೋದು ಸಾಪೇಕ್ಷ ತೇವಾಂಶ ಮತ್ತು ಉಷ್ಣಾಂಶದ ಮೇಲೆ ನಿಂತಿದೆ, ಗಾಳಿಯ ಒತ್ತಡದ ಮೇಲಲ್ಲ. ತೆಳು ಗಾಳಿಯಲ್ಲಿ ನೀರಾವಿ ಸುಮಾರು ಶೇ. 20ರಷ್ಟು ವೇಗವಾಗಿ ಹರಡುತ್ತೆ ನಿಜ, ಆದರೆ ಎಲೆಯೊಳಗಿನ ನಿಧಾನಗತಿಯ ಮುಂದೆ ಅದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರೋದು ದಿನದೊಳಗಿನ ಏರಿಳಿತ. ಫೆಬ್ರವರಿಯಲ್ಲಿ ಬೆಳಗಿನ ಜಾವ ಮುಟ್ಟಿದರೆ ಒದ್ದೆ ಅನ್ನಿಸುವ ಗಾಳಿ ಮಧ್ಯಾಹ್ನಕ್ಕೆ ಶೇ. 40ರ ತೇವಾಂಶಕ್ಕೆ ಇಳಿಯಬಹುದು. ಜುಲೈನಲ್ಲಿ ಮೋಡ, ಚಳಿ, ಮನೆಗಳಿಗೆ ಹೀಟರ್ ಇಲ್ಲ. 20 ಡಿಗ್ರಿಯಲ್ಲಿ ಶೇ. 70 ತೇವಾಂಶ ಇರುವ ಗಾಳಿ 14 ಡಿಗ್ರಿಗೆ ತಣ್ಣಗಾದರೆ ಇಬ್ಬನಿ ಕಟ್ಟುತ್ತೆ. ಹಾಗಾಗಿ ಪೆಟ್ಟಿಗೆಯನ್ನು ಕಿಟಕಿ ಪಕ್ಕ, ಹೊರಗೋಡೆಗೆ ತಾಗಿಸಿ ಇಡಬೇಡಿ. ಮನೆ ನಡುವಿನ ಬೀರು ಒಳ್ಳೆಯದು.

ಮುಚ್ಚಳ ತೆಗೆದರೆ ಎಲ್ಲ ಹಾಳು ಅಂತ ಹೆದರೋರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಗಾಳಿ 20 ಡಿಗ್ರಿಯಲ್ಲಿ, ಶೇ. 70 ತೇವಾಂಶದಲ್ಲಿ ಹಿಡಿದಿರೋ ನೀರು ಬರೀ 12 ಮಿಲಿಗ್ರಾಂ. ಒಂದೇ ಒಂದು ಸಿಗಾರ್‌ನಲ್ಲಿ ಇರೋದು ಸುಮಾರು 1,500 ಮಿಲಿಗ್ರಾಂ. ಪೆಟ್ಟಿಗೆಯ ಗಾಳಿ ಪೂರ್ತಿ ಬದಲಾದರೂ ಎಲೆಗಳು ಸ್ವಲ್ಪವೇ ನೀರು ಬಿಟ್ಟು ಸರಿ ಮಾಡಿಕೊಳ್ಳುತ್ತವೆ. ಪೆಟ್ಟಿಗೆ ತುಂಬಿದ್ದಷ್ಟೂ ಹದ ಸ್ಥಿರ.

ತೇವಾಂಶ ಮಾಪಕ ಸುಳ್ಳು ಹೇಳ್ತಿದೆಯಾ ಅಂತ ನೋಡೋಕೆ ಅಡುಗೆಮನೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದ ಹಾಗೆ ಕೆಲವೇ ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಡಿ. ಮರುದಿನ ಮಾಪಕ ಶೇ. 75 ತೋರಿಸಬೇಕು. 72 ತೋರಿಸಿದರೆ ನಿಮ್ಮ ಮಾಪಕ 3 ಕಡಿಮೆ ಹೇಳುತ್ತೆ ಅಂತ ಅರ್ಥ. ಬೆಂಗಳೂರಾಗಲಿ ನೈರೋಬಿಯಾಗಲಿ, ಉಪ್ಪಿನ ಈ 75 ಬದಲಾಗಲ್ಲ.

ಹುಳದ ವಿಷಯ ಹೇಳದಿದ್ದರೆ ಆಗಲ್ಲ. ಊರಿಂದ ತಂದ ಕೊತ್ತಂಬರಿ ಬೀಜ, ಅರಿಶಿನ, ಒಣಮೆಣಸಿನಕಾಯಿಗೆ ತೂತು ಕೊರೆಯುವ ಪುಟ್ಟ ಕಂದು ಹುಳ ಇದೆಯಲ್ಲ, ಅದಕ್ಕೆ ವಿಜ್ಞಾನದಲ್ಲಿ ಲ್ಯಾಸಿಯೋಡರ್ಮಾ ಸೆರಿಕೋರ್ನೆ ಅಂತ ಹೆಸರು, ರೂಢಿಯಲ್ಲಿ ಸಿಗರೇಟ್ ಬೀಟಲ್. ಸಿಗಾರ್ ತಿನ್ನೋದೂ ಅದೇ. ನಿಕೋಟಿನ್ ಅನ್ನೋ ಕೀಟನಾಶಕವನ್ನೇ ತಿಂದು ಬದುಕೋ ಗಟ್ಟಿ ಜೀವ. 30 ಡಿಗ್ರಿ ಅದಕ್ಕೆ ಇಷ್ಟ, 18ಕ್ಕಿಂತ ಕೆಳಗೆ ಬೆಳವಣಿಗೆ ಹೆಚ್ಚೂಕಡಿಮೆ ನಿಲ್ಲುತ್ತೆ. ಮಂಗಳೂರಿಗಿಂತ ನೈರೋಬಿ ಈ ವಿಷಯದಲ್ಲಿ ವಾಸಿ. ಮಸಾಲೆ ಡಬ್ಬಿಗಳ ಬೀರುವಿನಲ್ಲಿ ಮಾತ್ರ ಸಿಗಾರ್ ಇಡಬೇಡಿ.

ಇಷ್ಟು ಹೊತ್ತು ‘ಹದ’ ಅನ್ನೋ ಪದವನ್ನ ಸುಮ್ಮನೆ ಬಳಸಲಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಕಡೆ ಬೆಳೆಯೋದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು, ಸಿಗಾರ್‌ನದ್ದಲ್ಲ. ಆದರೆ ನೀರಿನ ಆಟ ಒಂದೇ. ಬ್ಯಾರನ್‌ನಲ್ಲಿ ಐದಾರು ದಿನ ಬಿಸಿಗಾಳಿಯಲ್ಲಿ ಬೇಯಿಸಿದ ಎಲೆ ಕೊನೆಗೆ 70 ಡಿಗ್ರಿ ಆಸುಪಾಸು ಕಂಡು ಹಪ್ಪಳದಂತಾಗಿರುತ್ತೆ. ಮುಟ್ಟಿದರೆ ಚೂರು. ಆಗ ರೈತರು ಉರಿ ಆರಿಸಿ, ರಾತ್ರಿ ಬಾಗಿಲು ಕಿಂಡಿ ತೆರೆದಿಡ್ತಾರೆ. ಇರುಳಿನ ತಂಪು ಗಾಳಿಯ ತೇವ ಹೀರಿ ಬೆಳಗ್ಗೆ ಎಲೆ ಬಟ್ಟೆಯ ಹಾಗೆ ಮಡಚೋಕೆ ಬರುತ್ತೆ. ರಿವರ್‌ಸೈಡ್‌ನ ಪೆಟ್ಟಿಗೆಯಲ್ಲಿ ಮೂರು ವಾರ ಹಿಡಿಯುವ ಕೆಲಸ ಇಲ್ಲಿ ಒಂದು ರಾತ್ರಿಗೆ ಆಗುತ್ತೆ, ಯಾಕಂದ್ರೆ ಎಲೆ ಬಿಡಿಬಿಡಿಯಾಗಿದೆ, ತೆಳ್ಳಗಿದೆ.

ಇನ್ನೊಂದು ಬಗೆಯ ವಿಶ್ರಾಂತಿ ರಸಾಯನಶಾಸ್ತ್ರದ್ದು. ಸಿಗಾರ್ ಎಲೆಗಳನ್ನು ದೊಡ್ಡ ರಾಶಿ ಹಾಕಿ ಹುದುಗಿಸ್ತಾರೆ, ರಾಶಿಯ ಒಳಗೆ 45-50 ಡಿಗ್ರಿ ಕಾವು. ಎಲೆಯ ಪ್ರೋಟೀನ್ ಮುರಿದು ಅಮೋನಿಯಾ ಹೊರಬರುತ್ತೆ. ಸುತ್ತೋಕೆ ಎಲೆಯನ್ನು ಮತ್ತೆ ತೇವ ಮಾಡೋದರಿಂದ ಹೊಸ ಸಿಗಾರ್‌ಗಳನ್ನು ಕಾರ್ಖಾನೆಯಲ್ಲೇ ವಾರಗಟ್ಟಲೆ, ತಿಂಗಳುಗಟ್ಟಲೆ ಇಡ್ತಾರೆ. ಅಂಗಡಿಗೆ ಬರೋ ಹೊತ್ತಿಗೆ ಈ ಕೆಲಸದ ಬಹುಪಾಲು ಮುಗಿದಿರುತ್ತೆ. ಮನೆಯಲ್ಲಿ ಐದು ವರ್ಷ ಇಟ್ಟರೆ ರುಚಿ ಮೆದುವಾಗಬಹುದು. ಉತ್ತಮ ಆಗುತ್ತಾ? ಅದು ಶೋಕಿಯ ವಿಭಾಗ, ನಾವು ಕೈಹಾಕಲ್ಲ.

ಆದರೆ ‘ಚೆನ್ನಾಗಿ ಪಕ್ವವಾಗಿದೆ, ಇದು ಏನೂ ಮಾಡಲ್ಲ’ ಅನ್ನೋ ಮಾತಿಗೆ ಮಾತ್ರ ಕೈಹಾಕಲೇಬೇಕು. ಅದು ತಪ್ಪು. ಅಮೋನಿಯಾ ಹೋದರೆ ಗಂಟಲಿನ ಉರಿ ಕಡಿಮೆಯಾಗುತ್ತೆ, ಕ್ಯಾನ್ಸರ್‌ಕಾರಕಗಳು ಹೋಗಲ್ಲ. ತಂಬಾಕಿಗೇ ವಿಶಿಷ್ಟವಾದ ನೈಟ್ರೊಸಮೈನ್‌ಗಳು ಎಲೆ ಒಣಗುವಾಗ, ಹುದುಗುವಾಗ ಹುಟ್ಟುತ್ತವೆ, ಬಿಸಿ ಗೋದಾಮಿನಲ್ಲಿ ಇಟ್ಟಷ್ಟೂ ಹೆಚ್ಚಬಹುದು. ಅವುಗಳಲ್ಲಿ ಎರಡನ್ನು ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಹೊಗೆ ಒಳಗೆ ಎಳೆಯಲ್ಲ ಅನ್ನೋ ಸಮಾಧಾನವೂ ನಿಲ್ಲಲ್ಲ, ಸಿಗಾರ್‌ನ ಹೊಗೆ ಕ್ಷಾರೀಯ, ನಿಕೋಟಿನ್ ಬಾಯಿಯ ಪೊರೆಯಿಂದಲೇ ರಕ್ತಕ್ಕೆ ಸೇರುತ್ತೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಕೀನ್ಯಾದಲ್ಲಿ 2007ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಸೇದೋದನ್ನ ನಿಷೇಧಿಸಿದೆ, ಸಿಗಾರ್‌ಗೆ ವಿನಾಯಿತಿ ಇಲ್ಲ.

ನೀರು ಇನ್ನೊಂದು ಕೆಲಸವನ್ನೂ ಮಾಡುತ್ತೆ, ಅದು ಪೆಟ್ಟಿಗೆ ಹಿಡಿದವರಿಗೆ ಕಾಣಲ್ಲ. ಬೆಳಗಿನ ಇಬ್ಬನಿ ಬಿದ್ದ ಹಸಿ ತಂಬಾಕಿನ ಎಲೆ ಕೀಳುವಾಗ ನಿಕೋಟಿನ್ ಆ ನೀರಿನಲ್ಲಿ ಕರಗಿ ಕೀಳುವವರ ಚರ್ಮದ ಮೂಲಕ ಒಳಗೆ ಹೋಗುತ್ತೆ. ತಲೆಸುತ್ತು, ವಾಂತಿ, ನಿಶ್ಶಕ್ತಿ. ಹಸಿರು ತಂಬಾಕು ಕಾಯಿಲೆ ಅಂತಲೇ ಅದಕ್ಕೆ ಹೆಸರು. ಎಂದೂ ಸೇದದವರಿಗೂ ಬರುತ್ತೆ. ಕೀನ್ಯಾದ ಮಿಗೊರಿ ಕೌಂಟಿ ತಂಬಾಕು ಬೆಳೆಯುವ ಪ್ರದೇಶ. ಅಲ್ಲಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆಹಾರ ಕಾರ್ಯಕ್ರಮ ಮೂರೂ ಸೇರಿ ತಂಬಾಕು ಬಿಡಲು ಬಯಸುವ ರೈತರಿಗೆ ಕಬ್ಬಿಣಾಂಶ ಹೆಚ್ಚಿರುವ ಬೀನ್ಸ್ ಬೆಳೆಯೋಕೆ ನೆರವು ಕೊಡುವ ಯೋಜನೆ ಶುರುಮಾಡಿದವು. ಹುಣಸೂರಿನ ರೈತರ ಮುಂದೆಯೂ ತಂಬಾಕು ಬಿಟ್ಟರೆ ಏನು ಅನ್ನೋ ಪ್ರಶ್ನೆ ಬಹಳ ಕಾಲದಿಂದ ಇದೆ, ಅದಕ್ಕೊಂದು ಪೂರ್ತಿ ಸಂಚಿಕೆ ಬೇಕು, ಮಾಡ್ತೀವಿ.

ತಕ್ಕಡಿ ಪ್ರಯೋಗ ಮಾಡೋರು ಸಿಗಾರ್ ಇಲ್ಲದಿದ್ದರೆ ಹಪ್ಪಳವನ್ನೇ ತೂಗಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಒಂದು ವಾರ. ಊರಿನ ಹೆಸರು ಹಾಕಿ ಅಂಕಿಗಳನ್ನ ನಮಗೆ ಕಳಿಸಿ.