ಉತ್ತರ ಅಂಗೈಯಲ್ಲಿದೆ, ಪ್ರಶ್ನೆ ಎಲ್ಲಿದೆ?

ಮಗು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಉತ್ತರವು ಫೋನಿನಲ್ಲಿ ಮೂಡುವ ಕಾಲವಿದು. ಹಾಗಾದರೆ ತರಗತಿಯ ಕೋಣೆಗೆ ಉಳಿದ ಕೆಲಸವೇನು? ಇದನ್ನರಿಯಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಸೀಮೆಯನ್ನೊಮ್ಮೆ ಸುತ್ತಿಬಂದರೆ ಸಾಕು.

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲೊಂದು ಘಟಿಕಾಸ್ಥಾನವಿತ್ತು. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳಿದ್ದುದನ್ನು 1058ರ ಶಾಸನವು ತಿಳಿಸುತ್ತದೆ. ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಓಲೆಗರಿಯ ಆ ಕಾಲದಲ್ಲಿ ಗ್ರಂಥವು ಕೈಸೇರುವ ತನಕ ವಿದ್ಯಾರ್ಥಿಯು ತನ್ನ ಸಂದೇಹವನ್ನು ಮೆಲುಕು ಹಾಕುತ್ತಿರಬೇಕಿತ್ತು. ಆ ಬಿಡುವೇ ಆಲೋಚನೆಯ ತವರು.

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅವರ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವೂ ಉತ್ತರ ಮಾರ್ಗ, ದಕ್ಷಿಣ ಮಾರ್ಗಗಳೆರಡನ್ನೂ ಎದುರುಬದುರು ಇಟ್ಟು ತೂಗಿನೋಡುತ್ತದೆ.

ಇಂದಿನ ತರಗತಿಯಲ್ಲಿ ಅಂಥ ಬಿಡುವನ್ನು ಹೇಗೆ ಒದಗಿಸುವುದು? 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ 'ನಲಿ-ಕಲಿ' ಪದ್ಧತಿಯು ದಾರಿ ತೋರಿತು. ಸಾಲುಮಣೆಗಳು ಹೋಗಿ ಮಕ್ಕಳು ಗುಂಪುಗುಂಪಾಗಿ ಕುಳಿತರು. ಅವರ ಕೈಗೆಟಕುವ ಎತ್ತರಕ್ಕೆ ಗೋಡೆಯ ಕರಿಹಲಗೆ ಇಳಿಯಿತು. ಮಗುವಿಗೆ ತಾನೇ ಬರೆದು, ಅಳಿಸಿ, ಮತ್ತೆ ಬರೆಯುವ ಧೈರ್ಯ ಬಂದಿತು.

ಈ ಸೀಮೆಗೆ ಇನ್ನೊಂದು ಭಾಗ್ಯವುಂಟು: ಬೇಸಗೆಯಲ್ಲೂ ತಣ್ಣಗಿರುವ ಶಹಾಬಾದಿ ಫರಸಿಯ ನೆಲ. ಸೀಮೆಸುಣ್ಣ ಕೊಟ್ಟರೆ ನೆಲವೆಲ್ಲ ಹಲಗೆಯೇ! ನಡುವೆ ಒಂದು ಪ್ರಶ್ನೆಯನ್ನು ಬರೆದು ಮಕ್ಕಳನ್ನು ಸುತ್ತ ಕೂರಿಸಬಹುದು. ಈ ಸೀಮೆಯ ಸುಣ್ಣಕಲ್ಲು ಶಹಾಬಾದಿನಲ್ಲಿ ಹಾಸುಗಲ್ಲಾಗುತ್ತದೆ, ವಾಡಿಯಲ್ಲಿ ಸಿಮೆಂಟಾಗುತ್ತದೆ, ಇದು ಹೇಗೆ? ನೆರಳು ಬೇಕಾದ ಬೇಸಗೆಯಲ್ಲೇ ಚಿಂಚೋಳಿಯ ಕಾಡು ಎಲೆ ಉದುರಿಸುವುದೇಕೆ?

ಮೊದಲು ಕಲ್ಲನ್ನು ಮುಟ್ಟಿ ನೋಡಲಿ. ಪದರಪದರವಾಗಿ ಏಳುವುದನ್ನು ಕಾಣಲಿ. ಬಳಿಕ ವಾದ ನಡೆಯಲಿ, ಚಿತ್ರ ಮೂಡಲಿ. ಫೋನಿನ ಸರದಿ ಕಡೆಯದು. ಪುಡಿಗೈದ ಸುಣ್ಣಕಲ್ಲನ್ನು ಜೇಡಿಯೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಸುಟ್ಟು, ಜಿಪ್ಸಮ್ ಬೆರೆಸಿ ಅರೆದರೆ ಸಿಮೆಂಟು ಎಂದು ಅದು ಹೇಳುವಾಗ, ಆ ಮಾತು ಹದವಾದ ನೆಲಕ್ಕೆ ಬಿದ್ದ ಬೀಜವಾಗುತ್ತದೆ.

ಹೀಗೆ ಕೂರಿಸಿದ ಕೋಣೆಯಲ್ಲಿ ಇನ್ನೊಂದು ಲಾಭವಿದೆ. ಗಣಿಯಲ್ಲಿ ಕಲ್ಲು ಸೀಳುವವನ ಮಗಳು ಹಿಂದಿನ ಸಾಲಿನಲ್ಲಿ ಮುದುಡಿ ಕೂರಬೇಕಾಗಿಲ್ಲ. ಯಾವ ಪದರಕ್ಕೆ ಉಳಿ ಇಟ್ಟರೆ ಕಲ್ಲು ಒಡೆಯದೆ ಏಳುವುದೆಂಬುದನ್ನು ಆಕೆ ಅಪ್ಪನಿಂದ ಕೇಳಿ ಬಂದಿರುತ್ತಾಳೆ. ಅಂದು ತರಗತಿಗೆ ಆಕೆಯೇ ಸರಸ್ವತೀ ಭಂಡಾರಿ.