ಕಲಿಸುವವರು ಪಡೆಯುವ ಪಾಠ

ವಿದ್ಯಾದಾನ ಶ್ರೇಷ್ಠವಾದ ದಾನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಉಳಿದ ದಾನಗಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಅನ್ನವನ್ನೋ ಹಣವನ್ನೋ ಕೊಟ್ಟಾಗ ನಮ್ಮಲ್ಲಿರುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ವಿದ್ಯೆಯಾದರೋ ಕೊಟ್ಟಷ್ಟೂ ಬೆಳೆಯುತ್ತದೆ. ಬೆಳೆಯುವುದು ವಿದ್ಯೆ ಮಾತ್ರವೇ, ಕೊಡುವ ಮನುಷ್ಯನೂ ಬೆಳೆಯುತ್ತಾನೆಯೇ ಎಂಬುದು ನಾವು ವಿಚಾರಿಸಬೇಕಾದ ಪ್ರಶ್ನೆ.

ನೆರೆಯ ಕೇರಳದ ನಿದರ್ಶನವನ್ನು ನೋಡೋಣ. 1989ರಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಆರಂಭವಾದ ಸಾಕ್ಷರತಾ ಆಂದೋಲನದಲ್ಲಿ ಜಿಲ್ಲಾಡಳಿತದೊಡನೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಕೈಜೋಡಿಸಿತು. ಸುಮಾರು 20,000 ಸ್ವಯಂಸೇವಕರು ಸಂಬಳವಿಲ್ಲದೆ ಪಾಠ ಹೇಳಲು ಮುಂದೆ ಬಂದರು. 1990ರ ಫೆಬ್ರವರಿ 4ರಂದು ಎರ್ನಾಕುಲಂ ದೇಶದ ಪ್ರಥಮ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. 1991ರ ಏಪ್ರಿಲ್ 18ರಂದು ಇಡೀ ರಾಜ್ಯವೇ ಆ ಗೌರವಕ್ಕೆ ಪಾತ್ರವಾಯಿತು. ಆ ಘೋಷಣೆಯನ್ನು ಮಾಡಿದವರು ಮಂತ್ರಿಗಳಲ್ಲ, ಚೇಲಕ್ಕೋಡನ್ ಆಯಿಷಾ ಎಂಬ ನವಸಾಕ್ಷರ ಮಹಿಳೆ.

ಕಲಿತವರ ಲೆಕ್ಕ ಸರಕಾರದ ಕಡತಗಳಲ್ಲಿದೆ. ಕಲಿಸಿದವರು ಏನನ್ನು ಕಲಿತರೆಂಬುದಕ್ಕೆ ಕಡತವಿಲ್ಲ. ಆದರೂ ವಯಸ್ಕರೊಡನೆ ಪಾಟಿ ಹಿಡಿದು ಕುಳಿತವರಿಗೆ ಅದು ತಿಳಿಯದ ವಿಷಯವಲ್ಲ.

ಮೊದಲನೆಯದು ತಾಳ್ಮೆ. ಪದವೀಧರ ತರುಣನಿಗೆ 'ಮ' ಮತ್ತು 'ಯ' ಬೇರೆಯಾಗಿ ಕಾಣುವುದು ಸಹಜ. ದಿನವಿಡೀ ದುಡಿದು ದಣಿದು ಬಂದ, ಐವತ್ತು ದಾಟಿದ ತಾಯಿಗೆ ಅವೆರಡೂ ಒಂದೇ. ನಾಲ್ಕು ಬಾರಿ ಹೇಳಿಯೂ ತಿಳಿಯದಾಗ, ದೋಷ ಕಲಿಯುವವರಲ್ಲಿಲ್ಲ, ತಾನು ಹೇಳುವ ಕ್ರಮದಲ್ಲಿರಬಹುದೆಂದು ಅವನಿಗೆ ಹೊಳೆಯುತ್ತದೆ. ಐದನೆಯ ಬಾರಿ ಅವನು ಬೇರೆ ದಾರಿ ಹುಡುಕುತ್ತಾನೆ. ತಾನು ಬಲ್ಲೆನೆಂದುಕೊಂಡದ್ದನ್ನು ಅಂದೇ ನಿಜವಾಗಿ ಅರಿಯುತ್ತಾನೆ.

ಎರಡನೆಯದು ವಿನಯ. ಅಕ್ಷರ ಬಾರದ ಮೀನುಗಾರ ಗಾಳಿಯನ್ನೂ ನೀರಿನ ಬಣ್ಣವನ್ನೂ ಓದಬಲ್ಲ. ಅಂಥವನ ಪಕ್ಕದಲ್ಲಿ ಕುಳಿತವನಿಗೆ ಅನಕ್ಷರತೆಯೇ ಅಜ್ಞಾನವೆನ್ನಲು ನಾಲಿಗೆ ಏಳದು. ಪ್ಲೇಟೋವಿನ 'ಥಿಯೇಟಿಟಸ್' ಸಂವಾದದಲ್ಲಿ ಸಾಕ್ರೆಟೀಸನು ತನ್ನ ಕಾರ್ಯವನ್ನು ತಾಯಿಯ ಸೂಲಗಿತ್ತಿಯ ವೃತ್ತಿಗೆ ಹೋಲಿಸುತ್ತಾನೆ. ಸೂಲಗಿತ್ತಿ ನೆರವಾಗುತ್ತಾಳೆ, ಮಗು ಮಾತ್ರ ಅವಳದಲ್ಲ. ಕಲಿಕೆಯೂ ಹಾಗೆ, ಅದು ಕಲಿಯುವವನದು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇಂದು ಸೇವೆಯನ್ನು ವ್ಯಕ್ತಿತ್ವ ವಿಕಸನದ ಸಾಧನವೆಂದೂ ಪ್ರಮಾಣಪತ್ರದ ಮಾರ್ಗವೆಂದೂ ಎಣಿಸುವವರಿದ್ದಾರೆ. ನಾಲ್ಕು ದಿನ ಬಂದು ಐದನೆಯ ದಿನ ಕಾಣೆಯಾಗುವ ಸ್ವಯಂಸೇವಕನಿಗೆ ನಷ್ಟವೇನೂ ಇಲ್ಲ. ಆದರೆ ನಾಚಿಕೆಯನ್ನು ನುಂಗಿ ಪಾಟಿ ಹಿಡಿದ ಆ ತಾಯಿ, ತನ್ನಿಂದಾಗದ ಕೆಲಸವಿದೆಂದು ಪಾಟಿಯನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾಳೆ. ಅದನ್ನು ಮತ್ತೆ ಕೆಳಗಿಳಿಸುವುದು ಸುಲಭವಲ್ಲ. ಬೆಳವಣಿಗೆ ನೆರಳಿನಂತೆ, ಹಿಡಿಯಹೋದರೆ ಸರಿದುಹೋಗುತ್ತದೆ, ನಮ್ಮ ಕೆಲಸದಲ್ಲಿ ನಾವು ನಡೆದರೆ ತಾನಾಗಿ ಹಿಂಬಾಲಿಸುತ್ತದೆ.

ಕೇಂದ್ರ ಸರಕಾರವು 2022ರಿಂದ 2027ರವರೆಗಿನ ಅವಧಿಗೆ ರೂಪಿಸಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ದಾಟಿದ ಅನಕ್ಷರಸ್ಥರಿಗಾಗಿ ಇದೆ. ಅದೂ ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. ನಮ್ಮ ಯುವಕ ಯುವತಿಯರು ದೂರ ಹೋಗಬೇಕಾಗಿಲ್ಲ. ಹೆಬ್ಬೆಟ್ಟು ಒತ್ತುವ ಒಬ್ಬರು ನಮ್ಮ ನೆರೆಯಲ್ಲಿಯೇ ಇರಬಹುದು. ವಾರದಲ್ಲಿ ಎರಡು ಸಂಜೆಗಳನ್ನು ಅವರಿಗೆಂದು ಮೀಸಲಿಡೋಣ; ಅವರು ತಮ್ಮ ಹೆಸರನ್ನು ತಾವೇ ಬರೆಯುವ ದಿನದವರೆಗೆ ಆ ಸಂಜೆಗಳನ್ನು ತಪ್ಪಿಸದಿರೋಣ.