ಚಳಿಗೆ ಹಾಕಿದ ಬೆಂಕಿ ಮನೆಗೆ ಹತ್ತಿದರೆ ದುಡ್ಡು ಎಲ್ಲಿಂದ ಬರುತ್ತೆ? ಪರಿಹಾರ, ವಿಮೆ ಎರಡರ ವಿವರ ಇಲ್ಲಿದೆ

ಕಟ್ಟೆಮಳಲವಾಡಿ: ಡಿಸೆಂಬರ್, ಜನವರಿ ಬಂತೆಂದರೆ ಲಕ್ಷ್ಮಣತೀರ್ಥ ಹೊಳೆ ಬದಿಯ ಊರುಗಳಲ್ಲಿ ಬೆಳಗಿನ ಜಾವ ಮಂಜು, ಮೈ ನಡುಗಿಸುವ ಚಳಿ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ, ಪೈಪ್ ಒಡೆದು ಮನೆಗಳೇ ಹಾಳಾದವು. ಅಂಥ ಚಳಿ ನಮ್ಮ ಕಡೆ ಇಲ್ಲ. ಇಲ್ಲಿ ಅಪಾಯ ಇರೋದು ಚಳಿಗೆ ಅಂತ ಹಚ್ಚಿದ ಬೆಂಕಿಯಲ್ಲಿ. ಕೊಟ್ಟಿಗೆ ಪಕ್ಕ ಆರದೇ ಉಳಿದ ಕೆಂಡ, ಹುಲ್ಲಿನ ಮೆದೆ, ಹಳೇ ವೈರಿಂಗ್‌ಗೆ ಸಿಕ್ಕಿಸಿದ ವಾಟರ್ ಹೀಟರ್. ಅದೇ ಹೊತ್ತಿಗೆ ಹರಾಜಿಗೆ ಕಾದಿರುವ ತಂಬಾಕು ಎಷ್ಟೋ ಮನೆಗಳಲ್ಲಿ ಒಳಗೇ ಇರುತ್ತೆ.

ಮನೆ ಸುಟ್ಟರೆ ಅಥವಾ ಗೋಡೆ ಬಿದ್ದರೆ ದುಡ್ಡು ಬರುವ ದಾರಿ ಎರಡು: ಸರ್ಕಾರದ ಪರಿಹಾರ ಮತ್ತು ವಿಮೆ. ಎರಡರ ನಿಯಮವೂ ಬೇರೆ ಬೇರೆ.

ಸರ್ಕಾರದಿಂದ ಎಷ್ಟು?

ರಾಜ್ಯ ವಿಪತ್ತು ಪರಿಹಾರ ನಿಧಿಯಡಿ ನೆರವು ಕೊಡುವ ವಿಪತ್ತುಗಳ ಪಟ್ಟಿಯಲ್ಲಿ ನೆರೆ, ಆಲಿಕಲ್ಲು ಮಳೆ, ಬೆಂಕಿ ಅವಘಡದ ಜೊತೆ ಶೀತಗಾಳಿಯೂ ಇದೆ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾರ್ಗಸೂಚಿ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಅಥವಾ ತೀವ್ರ ಹಾನಿಯಾದ ಮನೆಗೆ 1.20 ಲಕ್ಷ ರೂ. ಕನಿಷ್ಠ ಶೇ. 15ರಷ್ಟು ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಗುಡಿಸಲಿಗೆ 8,000 ರೂ., ಮನೆಗೆ ಸೇರಿದ ಕೊಟ್ಟಿಗೆಗೆ 3,000 ರೂ.

ಕೆಲವೊಮ್ಮೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂ. ಘೋಷಿಸಿತ್ತು. ಆದರೆ ಪ್ರತಿ ವರ್ಷ ಹಾಗೇ ಸಿಗುತ್ತೆ ಅಂದುಕೊಳ್ಳಬೇಡಿ.

6,500 ರೂಪಾಯಿಗೆ ಇವತ್ತು ಒಂದು ಗೋಡೆಯೂ ಏಳಲ್ಲ. ಹಾಗಾಗಿ ಹಾನಿ 'ತೀವ್ರ'ವೋ 'ಭಾಗಶಃ'ವೋ ಅನ್ನೋ ಒಂದು ಪದದ ಮೇಲೇ ಎಲ್ಲ ನಿಂತಿದೆ. ಗ್ರಾಮ ಆಡಳಿತ ಅಧಿಕಾರಿ ಮಹಜರು ಮಾಡುವಾಗ ಮನೆಯವರು ಎದುರಿಗಿರಬೇಕು. ಛಾವಣಿ, ತೊಲೆ, ಬಿರುಕು ಬಿಟ್ಟ ಗೋಡೆ ಎಲ್ಲವನ್ನೂ ತೋರಿಸಿ. ಬರೆದದ್ದನ್ನು ಓದಿಸಿಕೊಂಡು ಆಮೇಲೆ ಸಹಿ ಹಾಕಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯ ಜೊತೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ಇ-ಸ್ವತ್ತು ದಾಖಲೆ, ಫೋಟೊ ಇರಲಿ. ಅರ್ಜಿಗೆ ಸ್ವೀಕೃತಿ ಪಡೆಯೋದು ಮರೀಬೇಡಿ.

ವಿಮೆಯಲ್ಲಿ ಏನು ಬರುತ್ತೆ, ಏನು ಬರಲ್ಲ?

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ಮಾದರಿಯ ಮನೆ ವಿಮೆ ದೇಶದೆಲ್ಲೆಡೆ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ಹಾನಿ ಇದರಲ್ಲಿ ಸೇರಿದೆ. ಕಾಲ ಕಳೆದಂತೆ ಗೋಡೆ ಸವೆದು ಬಿರುಕು ಬಿಡೋದಕ್ಕೆ ದುಡ್ಡು ಬರಲ್ಲ. ಚಳಿಗೆ ಬಿರುಕು ಬಿಡ್ತು ಅಂತ ಕ್ಲೇಮ್ ಹಾಕಿದರೂ ಗಿಟ್ಟೋದು ಕಷ್ಟ.

ಲೆಕ್ಕ ಸುಲಭ. ಮನೆಯ ವಿಸ್ತೀರ್ಣವನ್ನು ಇವತ್ತಿನ ಕಟ್ಟುವ ಖರ್ಚಿನಿಂದ ಗುಣಿಸಬೇಕು. 800 ಚದರಡಿ ಮನೆ, ಅಡಿಗೆ 1,500 ರೂ. ಅಂದರೆ 12 ಲಕ್ಷ. ನಿವೇಶನದ ಬೆಲೆ ಲೆಕ್ಕಕ್ಕಿಲ್ಲ. ಮನೆ ಸಾಮಾನಿಗೆ ಇದರ ಶೇ. 20, ಅಂದರೆ 2.40 ಲಕ್ಷ ತಾನಾಗೇ ಸೇರುತ್ತೆ. ಇದಕ್ಕೆ ಮಿತಿ 10 ಲಕ್ಷ.

ಸಾಮಾನು ಅಂದರೆ ಮನೆ ಬಳಕೆಯದ್ದು ಮಾತ್ರ. ಮಾರಾಟಕ್ಕಿಟ್ಟ ತಂಬಾಕು, ದನಕರು ಇದರಲ್ಲಿ ಬರಲ್ಲ. ತಂಬಾಕು ಬ್ಯಾರನ್‌ಗೂ ಮನೆ ಪಾಲಿಸಿ ನಂಬಬೇಡಿ, ಅದಕ್ಕೆ ಬೇರೆ ವ್ಯವಸ್ಥೆ ಏನಿದೆ ಅಂತ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲೇ ವಿಚಾರಿಸಿ.

ಮನೆ ಸಾಲ ಇದ್ದವರು ಒಂದು ವಿಷಯ ನೋಡಿಕೊಳ್ಳಿ. 'ಇನ್ಶೂರೆನ್ಸ್ ಮಾಡಿಸಿದೀವಿ' ಅಂತ ಬ್ಯಾಂಕಿನವರು ಹೇಳಿದ್ದು ಸಾಲಗಾರರ ಜೀವಕ್ಕೋ, ಮನೆಗೋ? ಎರಡೂ ಬೇರೆ. ಪಾಲಿಸಿ ಪ್ರತಿ ಕೇಳಿ ಪಡೆಯಿರಿ.

ಬೆಂಕಿ ಬಿದ್ದ ದಿನ

* 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ಠಾಣೆಯ ವರದಿ ಮುಂದೆ ಬೇಕಾಗುತ್ತೆ. ವಿದ್ಯುತ್‌ನಿಂದ ಆಗಿದ್ದರೆ ಚೆಸ್ಕ್‌ಗೂ (1912) ತಿಳಿಸಿ.
* ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.
* ಬೂದಿ ಬಾಚುವ ಮೊದಲು ಒಳಗೂ ಹೊರಗೂ ಫೋಟೊ, ವಿಡಿಯೊ ತೆಗೀರಿ. ಸುಟ್ಟ ಸಾಮಾನು ಎಸೀಬೇಡಿ.
* ಅವತ್ತೇ ವಿಮಾ ಕಂಪನಿಗೆ ಕರೆ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ.

ಆಮೇಲೆ ಬರುವವರು ವಿಮಾ ಸರ್ವೇಯರ್, ಜಮೀನು ಅಳೆಯುವವರಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ಕಂಪನಿ 24 ಗಂಟೆಯೊಳಗೆ ಸರ್ವೇಯರ್ ನೇಮಿಸಬೇಕು, 15 ದಿನದಲ್ಲಿ ವರದಿ ಪಡೆಯಬೇಕು, ವರದಿ ಬಂದ 7 ದಿನದಲ್ಲಿ ತೀರ್ಮಾನ ಹೇಳಬೇಕು.

ಕ್ಲೇಮ್ ತಿರಸ್ಕರಿಸಿದರೆ?

ಕಾರಣ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. 155255ಕ್ಕೆ ಕರೆ ಮಾಡಿ ವಿಮಾ ಪ್ರಾಧಿಕಾರಕ್ಕೂ ತಿಳಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. 50 ಲಕ್ಷದವರೆಗಿನ ಪ್ರಕರಣ ಅಲ್ಲಿ ನಡೆಯುತ್ತೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಮನೆ ಪತ್ರ, ಪಾಲಿಸಿ, ಪಾಸ್‌ಬುಕ್ ಎಲ್ಲಾ ಒಂದೇ ಟ್ರಂಕಿನಲ್ಲಿದ್ದರೆ ಮನೆ ಜೊತೆ ಅವೂ ಸುಟ್ಟುಹೋಗುತ್ತವೆ. ಇವತ್ತೇ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ, ಅಣ್ಣತಮ್ಮಂದಿರಿಗೋ ವಾಟ್ಸಾಪ್ ಮಾಡಿಡಿ.